ಮನೆ ಮುಂದಿನ ಪಾಮ್ ಗಿಡಕ್ಕೆ ಯಾವ ಗೊಬ್ಬರ? ಏಳು ವರ್ಷ ದುಡ್ಡು ಸುರಿದವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಡಬ್ಬಿಯ ಮೇಲೆ ಪಾಮ್ ಗಿಡದ ಚಿತ್ರ ಇದ್ದ ಯಾವ ಗೊಬ್ಬರವೂ ನಮ್ಮ ಮನೆಯಲ್ಲಿ ಕೆಲಸ ಮಾಡಲಿಲ್ಲ. ಕೆಲಸ ಮಾಡಿದ್ದು ತೆಂಗಿನ ತೋಟಕ್ಕೆ ಹಾಕುವ ಕೆಂಪು ಪೊಟ್ಯಾಷ್. ಅಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಪೊಟ್ಯಾಷ್ ಒಂದನ್ನೇ ತಂದು ಬುಡಕ್ಕೆ ಸುರಿದರೆ ಗಿಡ ಹಾಳಾಗುತ್ತದೆ, ಹಾಗಾಗಿ ಪೂರ್ತಿ ಓದಿ.

ಮೈಸೂರಿನ ಹೊರವಲಯದಲ್ಲಿ ನಮ್ಮ ಮನೆ. 2018ರಲ್ಲಿ ಗೃಹಪ್ರವೇಶ ಆದ ಮೇಲೆ ಮುಂದಿನ ಜಾಗಕ್ಕೆ ಗಿಡ ಹಾಕಿಸಿದೆವು. ಗೇಟಿನ ಎರಡೂ ಕಡೆ ಒಂದೊಂದು ಫಾಕ್ಸ್‌ಟೇಲ್ ಪಾಮ್. ಮೂಲೆಯಲ್ಲಿ ಒಂದು ರಾಯಲ್ ಪಾಮ್. ನರ್ಸರಿಯವರು ಅದನ್ನು ಬಾಟಲ್ ಪಾಮ್ ಅಂತಲೇ ಮಾರಿದರು, ಎಷ್ಟೋ ವರ್ಷ ನಾವೂ ಹಾಗೇ ಕರೆದೆವು. ಕಾಂಪೌಂಡ್ ಉದ್ದಕ್ಕೂ ಆರು ಅರೆಕಾ ಪಾಮ್ ಪೊದೆ. ಮಧ್ಯದಲ್ಲಿ ಹುಲ್ಲುಹಾಸು. ನೋಡಲು ರೆಸಾರ್ಟ್ ಹಾಗಿತ್ತು. ಎರಡು ವರ್ಷ ಮಾತ್ರ.

2020ರ ಹೊತ್ತಿಗೆ ಫಾಕ್ಸ್‌ಟೇಲ್‌ಗಳ ಕೆಳಗಿನ ಗರಿಗಳಲ್ಲಿ ಹಳದಿ-ಕಿತ್ತಳೆ ಚುಕ್ಕೆ ಬರತೊಡಗಿತು. ಗರಿಯನ್ನು ಬಿಸಿಲಿಗೆ ಹಿಡಿದರೆ ಎಣ್ಣೆ ಬಿದ್ದ ಕಾಗದದ ಹಾಗೆ ಆ ಚುಕ್ಕೆಗಳಲ್ಲಿ ಬೆಳಕು ಹಾಯುತ್ತಿತ್ತು. ತುದಿಯಿಂದ ಒಣಗುತ್ತಾ ಬಂದು ಗರಿ ಪೂರ್ತಿ ಕಂದಾಗುತ್ತಿತ್ತು. ಹೊಸ ಗರಿಗಳು ಹಸಿರಾಗಿಯೇ ಇದ್ದವು, ಆದರೆ ಹಿಂದಿನವಕ್ಕಿಂತ ಗಿಡ್ಡ. ನೀರು ಕಡಿಮೆ ಆಯಿತು ಅಂತ ನಾನು. ನೀರು ಜಾಸ್ತಿ ಆಯಿತು ಅಂತ ನನ್ನವಳು.

ಮೊದಲು ಕೊಂಡದ್ದು ಆನ್‌ಲೈನ್‌ನಲ್ಲಿ ಸಿಗುವ ಒಂದು ‘ಪಾಮ್ ಸ್ಪೆಷಲ್’ ದ್ರವ ಗೊಬ್ಬರ. ಕಂಪನಿ ಹೆಸರು ಬೇಡ. ಅರ್ಧ ಲೀಟರ್ ಬಾಟಲಿ, ಮುಚ್ಚಳದ ಲೆಕ್ಕದಲ್ಲಿ ನೀರಿಗೆ ಬೆರೆಸಿ ಹಾಕಬೇಕು. ಆರು ತಿಂಗಳು ಹಾಕಿದೆ. ಗಿಡಕ್ಕೆ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಆಮೇಲೆ ಒಂದು ದಿನ ಕನ್ನಡಕ ಹಾಕಿಕೊಂಡು ಲೇಬಲ್ ಓದಿದೆ. ಸಾರಜನಕ ಎಷ್ಟು, ರಂಜಕ ಎಷ್ಟು, ಪೊಟ್ಯಾಷ್ ಎಷ್ಟು ಅಂತ ಒಂದು ಅಂಕಿಯೂ ಇರಲಿಲ್ಲ! ಸಮುದ್ರ ಪಾಚಿಯ ರಸ, ‘ನೈಸರ್ಗಿಕ ಪೋಷಕಾಂಶಗಳು’ ಅಂತಷ್ಟೇ. ಅವತ್ತಿನಿಂದ ಮೂರು ಅಂಕಿ ಕಾಣದ ಗೊಬ್ಬರವನ್ನು ನಾನು ಕೈಯಲ್ಲಿ ಮುಟ್ಟುವುದಿಲ್ಲ. ಐದರಲ್ಲಿ ಒಂದು ಸ್ಟಾರ್, ಅದೂ ಬಾಟಲಿ ಚೆನ್ನಾಗಿದೆ ಅಂತ.

ಎರಡನೆಯದು 19-19-19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇ 19. ಅಂಗಡಿಯವರು ‘19 ಆಲ್’ ಅನ್ನುತ್ತಾರೆ. ನೀರಲ್ಲಿ ಪೂರ್ತಿ ಕರಗುತ್ತದೆ, ಹಾಕಿದ ಹದಿನೈದು ದಿನಕ್ಕೇ ಗಿಡ ಕಡು ಹಸಿರಾಗುತ್ತದೆ. ನಮ್ಮ ಗುಲಾಬಿ, ದಾಸವಾಳಕ್ಕೆ ಇದು ಒಳ್ಳೆಯ ಗೊಬ್ಬರ, ಈಗಲೂ ಹಾಕುತ್ತೇನೆ. ಪಾಮ್‌ಗೆ ಮಾತ್ರ ಮೋಸ ಹೋದೆ. ಹೊಸ ಗರಿ ಬೇಗ ಬೇಗ ಬಂತು, ಖುಷಿಪಟ್ಟೆ. ಆದರೆ ಕೆಳಗಿನ ಗರಿಗಳು ಇನ್ನೂ ಬೇಗ ಉದುರಿದವು. ಇದರ ಮೇಲೆ ನಮ್ಮ ಮಾಲಿ ಹುಲ್ಲು ಹಸಿರಾಗಲಿ ಅಂತ ತಿಂಗಳಿಗೊಮ್ಮೆ ಯೂರಿಯಾ ಎರಚುತ್ತಿದ್ದ. ಹುಲ್ಲಿನ ಅಡಿಯಲ್ಲೇ ಪಾಮ್ ಬೇರು ಹರಡಿರುತ್ತದೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಮೂರನೆಯದು ಕೊಟ್ಟಿಗೆ ಗೊಬ್ಬರ. ಇದರಲ್ಲಿ ಗೊಬ್ಬರದ ತಪ್ಪಿಲ್ಲ, ನನ್ನ ತಪ್ಪು. 2021ರಲ್ಲಿ ಪರಿಚಯದವರೊಬ್ಬರು ಒಂದು ಟ್ರ್ಯಾಕ್ಟರ್ ಸಗಣಿ ಗೊಬ್ಬರ ಕಳಿಸಿದರು. ಅದು ಪೂರ್ತಿ ಕಳಿತಿರಲಿಲ್ಲ. ಹಿತ್ತಲಲ್ಲಿ ಗುಡ್ಡೆ ಹಾಕಿ ಮರೆತೆ. ಮಳೆಗಾಲ ಕಳೆದ ಮೇಲೆ ಸಲಿಕೆ ಹಾಕಿದರೆ ಹೆಬ್ಬೆರಳು ದಪ್ಪದ ಬಿಳಿ ಹುಳುಗಳು, ಬುಟ್ಟಿಗಟ್ಟಲೆ. ಕುರುವಾಯಿ ದುಂಬಿ ಮೊಟ್ಟೆ ಇಡುವುದೇ ಇಂಥ ಗುಡ್ಡೆಯಲ್ಲಿ. ಆ ದುಂಬಿ ಬಿಚ್ಚದ ಸುಳಿಯನ್ನು ಕೊರೆದು ತಿನ್ನುತ್ತದೆ. ಆಮೇಲೆ ಗರಿ ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮೂಲೆ ಮೂಲೆಯಾಗಿ ಕಾಣುತ್ತದೆ. ನಮ್ಮ ರಾಯಲ್ ಪಾಮ್‌ನಲ್ಲಿ ಎರಡು ಗರಿ ಹಾಗೇ ಬಂತು. ಸಗಣಿ ಗೊಬ್ಬರ ತರುವವರು ಪೂರ್ತಿ ಕಳಿತದ್ದನ್ನೇ ತನ್ನಿ, ತಂದ ವಾರದಲ್ಲೇ ಮಣ್ಣಿಗೆ ಸೇರಿಸಿ.

ಇಷ್ಟಾದ ಮೇಲೆ, 2022ರ ಮೇ ತಿಂಗಳಲ್ಲಿ, ತಿಪಟೂರಿನಿಂದ ನಮ್ಮ ಸೋದರಮಾವ ಬಂದರು. ಜೀವನವಿಡೀ ತೆಂಗಿನ ತೋಟದಲ್ಲೇ ಇದ್ದವರು. ಗೇಟಿನ ಹತ್ತಿರ ಚಪ್ಪಲಿ ಬಿಡುವ ಮೊದಲೇ ಫಾಕ್ಸ್‌ಟೇಲ್ ಗರಿಯೊಂದನ್ನು ಎಳೆದು ನೋಡಿದರು.

“ಪೊಟ್ಯಾಷ್ ಹಾಕಿದೀಯೇನೋ?”

“ಇದು ತೆಂಗಲ್ಲ ಮಾವ, ಆಸ್ಟ್ರೇಲಿಯಾದ್ದು.”

“ಎಲ್ಲಿದಾದ್ರೂ ಆಗ್ಲಿ ಕಣೋ. ಸುಳಿ ನೋಡು, ಗರಿ ನೋಡು. ನಮ್ಮ ತೆಂಗಿನ ಅಣ್ಣ ತಮ್ಮಂದಿರೇ ಅಲ್ವಾ?”

ನಕ್ಕು ಸುಮ್ಮನಾದೆ. ಆದರೆ ರಾತ್ರಿ ಮಲಗಿದಾಗ ಅದೇ ಮಾತು ತಲೆಯಲ್ಲಿ ಸುತ್ತಿತು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಶಿಫಾರಸು ತೆಗೆದು ನೋಡಿದೆ. ಬೆಳೆದ ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್. ಅಡಿಕೆಗೆ 100, 40, 140. ಎರಡರಲ್ಲೂ ಪೊಟ್ಯಾಷೇ ಜಾಸ್ತಿ, ರಂಜಕ ಕಡಿಮೆ. ನಾನು ಎರಡು ವರ್ಷ ಹಾಕಿದ್ದು ಮೂರೂ ಸಮ ಇರುವ ಗೊಬ್ಬರ!

ಫ್ಲಾರಿಡಾದಲ್ಲಿ ಇರುವ ಚಿಕ್ಕಮ್ಮನ ಮಗಳಿಗೆ ವಾಟ್ಸಾಪ್ ಮಾಡಿದೆ. ಅಲ್ಲಿ ಮನೆಗೊಂದು ಪಾಮ್ ಇರುತ್ತದೆ. ಅವಳು ತನ್ನ ಗ್ಯಾರೇಜಿನಲ್ಲಿದ್ದ ಗೊಬ್ಬರದ ಚೀಲದ ಫೋಟೋ ಕಳಿಸಿದಳು: 8-2-12, ಜೊತೆಗೆ ಶೇ 4 ಮೆಗ್ನೀಷಿಯಂ. ಅಲ್ಲಿನ ವಿಶ್ವವಿದ್ಯಾಲಯದವರು ಮನೆ ಮುಂದಿನ ಪಾಮ್‌ಗಳಿಗೆ ಅಂತಲೇ ಹೇಳಿರುವ ಪ್ರಮಾಣ ಅದು. ಮೂರು ತಿಂಗಳಿಗೊಮ್ಮೆ, ನಿಧಾನವಾಗಿ ಕರಗುವ ರೂಪದಲ್ಲಿ ಹಾಕಬೇಕಂತೆ. ತಿಪಟೂರಿನ ಮಾವ ಮತ್ತು ಫ್ಲಾರಿಡಾ ವಿಶ್ವವಿದ್ಯಾಲಯ ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆ. ಮಾವನಿಗೆ ಇದನ್ನು ಹೇಳಿದರೆ, “ಮತ್ತೆ? ಅವರಿಗೂ ಗೊತ್ತಿರಲೇಬೇಕಲ್ಲ” ಅಂದರು.

ಪೊಟ್ಯಾಷ್ ಕಡಿಮೆಯಾದಾಗ ಪಾಮ್ ಏನು ಮಾಡುತ್ತದೆ ಅಂತ ತಿಳಿದ ಮೇಲೆ ಎಲ್ಲ ಅರ್ಥವಾಯಿತು. ಅದು ಹಳೆಯ ಗರಿಯಲ್ಲಿರುವ ಪೊಟ್ಯಾಷನ್ನು ಎಳೆದು ಹೊಸ ಗರಿಗೆ ಕೊಡುತ್ತದೆ. ಅದಕ್ಕೇ ಕೆಳಗಿನವು ಮೊದಲು ಹಳದಿ. ಸಾರಜನಕ ಜಾಸ್ತಿ ಹಾಕಿದರೆ ಬೆಳವಣಿಗೆ ಜೋರಾಗಿ, ಹಳೆಯದರಿಂದ ಇನ್ನೂ ಜಾಸ್ತಿ ಎಳೆಯುತ್ತದೆ. ನಮ್ಮ ಮಾಲಿ ಪ್ರತಿ ಯುಗಾದಿಗೆ ಹಳದಿ ಗರಿಗಳನ್ನೆಲ್ಲ ಕೊಯ್ದು ಗಿಡವನ್ನು ‘ಕ್ಲೀನ್’ ಮಾಡುತ್ತಿದ್ದ. ಅಂದರೆ ಗಿಡದ ಉಗ್ರಾಣವನ್ನೇ ಪ್ರತಿ ವರ್ಷ ಖಾಲಿ ಮಾಡಿಸುತ್ತಿದ್ದೆವು. ಕೊಯ್ದಷ್ಟೂ ಹಳದಿ ಒಂದು ಸುತ್ತು ಮೇಲಕ್ಕೆ ಹತ್ತುತ್ತದೆ.

ಮುಂದಿನ ತೊಂದರೆ ಪೊಟ್ಯಾಷ್ ತರುವುದು. ಗೊಬ್ಬರದ ಅಂಗಡಿಗೆ ಹೋದರೆ ಆಧಾರ್ ಕೇಳಿದರು, 50 ಕೆಜಿ ಚೀಲ ತೋರಿಸಿದರು. ಎಂಟೊಂಬತ್ತು ಗಿಡಕ್ಕೆ 50 ಕೆಜಿ ಇಟ್ಟುಕೊಂಡು ಏನು ಮಾಡಲಿ? ಕೊನೆಗೆ ಮಾವನ ತೋಟದಿಂದಲೇ ಡಬ್ಬದಲ್ಲಿ ಬಂತು. ಬೇರೆಯವರು ನರ್ಸರಿಯಲ್ಲೋ ಆನ್‌ಲೈನ್‌ನಲ್ಲೋ ಒಂದು ಕೆಜಿ ಪೊಟ್ಟಣ ತರಬಹುದು, ಬೆಲೆ ಸ್ವಲ್ಪ ಜಾಸ್ತಿ. ಬಿಳಿ ಪೊಟ್ಯಾಷ್ ಅಂತ ಇನ್ನೊಂದಿದೆ, ಸಲ್ಫೇಟ್ ರೂಪದ್ದು, 0-0-50. ಅದು ದುಬಾರಿ, ಆದರೆ ಕುಂಡದ ಗಿಡಗಳಿಗೆ ಅದೇ ವಾಸಿ. ಕೆಂಪು ಪೊಟ್ಯಾಷ್‌ನಲ್ಲಿ ಕ್ಲೋರೈಡ್ ಇರುತ್ತದೆ, ಕುಂಡದಲ್ಲಿ ಉಪ್ಪು ನಿಂತರೆ ಗರಿಯ ತುದಿ ಸುಡುತ್ತದೆ.

ಮೂರು ವರ್ಷದಿಂದ ನಾನು ಹಾಕುತ್ತಿರುವ ಲೆಕ್ಕ ಇದು. ಫಾಕ್ಸ್‌ಟೇಲ್ ಅಳತೆಯ ಒಂದು ಮರಕ್ಕೆ ಒಂದು ಸಲಕ್ಕೆ 80 ಗ್ರಾಂ ಯೂರಿಯಾ, 150 ಗ್ರಾಂ ಕೆಂಪು ಪೊಟ್ಯಾಷ್, 100 ಗ್ರಾಂ ಮೆಗ್ನೀಷಿಯಂ ಸಲ್ಫೇಟ್. ವರ್ಷಕ್ಕೆ ಮೂರು ಸಲ: ಜೂನ್‌ನಲ್ಲಿ ಒಂದೆರಡು ಮಳೆ ಬಿದ್ದ ಮೇಲೆ, ಸೆಪ್ಟೆಂಬರ್ ಕೊನೆಗೆ, ಮತ್ತೆ ಜನವರಿಯಲ್ಲಿ ನೀರು ಕಟ್ಟಿ. ಯೂರಿಯಾದಲ್ಲಿ ಶೇ 46 ಸಾರಜನಕ, ಕೆಂಪು ಪೊಟ್ಯಾಷ್‌ನಲ್ಲಿ ಶೇ 60 ಪೊಟ್ಯಾಷ್. ಲೆಕ್ಕ ಹಾಕಿದರೆ ತೆಂಗಿನ ಶಿಫಾರಸಿನ ಸುಮಾರು ಕಾಲು ಭಾಗ. ಕಾಯಿ ಬೇಕಾಗಿಲ್ಲ, ನೋಡೋಕೆ ಚೆನ್ನಾಗಿದ್ದರೆ ಸಾಕು ಅಂತ ಅಷ್ಟಕ್ಕೆ ಇಳಿಸಿಕೊಂಡೆ. ರಂಜಕಕ್ಕೆ ಬೇರೆ ಏನೂ ಹಾಕುವುದಿಲ್ಲ. ವರ್ಷಕ್ಕೆರಡು ಬುಟ್ಟಿ ಎರೆಗೊಬ್ಬರ ಮತ್ತು ಒಂದು ಕೆಜಿ ಬೇವಿನ ಹಿಂಡಿ ಬೀಳುತ್ತದೆ, ಅದರಲ್ಲಿ ಬಂದಷ್ಟು ಸಾಕು.

ಮೆಗ್ನೀಷಿಯಂ ಯಾಕೆ ಅಂದರೆ, ಪೊಟ್ಯಾಷ್ ಒಂದೇ ಜಾಸ್ತಿಯಾದರೆ ಮೆಗ್ನೀಷಿಯಂ ಕೊರತೆ ಬರುತ್ತದೆ. ಆಗಲೂ ಹಳೆಯ ಗರಿಯೇ ಹಳದಿಯಾಗುವುದು, ಆದರೆ ಬೇರೆ ಥರ. ಅಂಚಿನಲ್ಲಿ ಅಗಲ ಪಟ್ಟಿಯಂತೆ ಹಳದಿ, ನಡುವೆ ಹಸಿರು. ತಿರುಗುಮುರುಗೂ ನಿಜ. ಯೂಟ್ಯೂಬ್ ನೋಡಿ ಎಪ್ಸಮ್ ಸಾಲ್ಟ್ ಒಂದನ್ನೇ ಮುಷ್ಟಿ ಮುಷ್ಟಿ ಹಾಕುವವರಿದ್ದಾರೆ. ಪೊಟ್ಯಾಷ್ ಕೊರತೆ ಇರುವ ಗಿಡಕ್ಕೆ ಹಾಗೆ ಮಾಡಿದರೆ ಕೊರತೆ ಇನ್ನೂ ಹೆಚ್ಚುತ್ತದೆ. (ಎಪ್ಸಮ್ ಸಾಲ್ಟ್ ಅಂದರೂ ಮೆಗ್ನೀಷಿಯಂ ಸಲ್ಫೇಟ್ ಅಂದರೂ ಒಂದೇ. ಗೊಬ್ಬರದ ಅಂಗಡಿಯಲ್ಲಿ ಎರಡನೇ ಹೆಸರು ಹೇಳಿ ಕೇಳಿ, ಅಗ್ಗಕ್ಕೆ ಸಿಗುತ್ತದೆ.)

ಹಾಕುವ ರೀತಿಯೂ ಮುಖ್ಯ. ಕಾಂಡಕ್ಕೆ ತಾಗಿಸಿ ಗುಂಡಿ ತೋಡಿ ಒಂದೇ ಕಡೆ ಸುರಿಯಬಾರದು. ಬುಡದಿಂದ ಒಂದು ಅಡಿ ಬಿಟ್ಟು, ಗರಿಗಳ ನೆರಳು ಬೀಳುವಷ್ಟು ಅಗಲಕ್ಕೆ ತೆಳ್ಳಗೆ ಎರಚಿ, ಕೈಗುದ್ದಲಿಯಲ್ಲಿ ಮಣ್ಣು ಮೇಲೆ ಮೇಲೆ ಕೆದಕಿ ನೀರು ಬಿಡಬೇಕು. ಒಣ ಮಣ್ಣಿಗೆ ಹಾಕಲೇಬಾರದು. ನಾನು ಒಂದು ಏಪ್ರಿಲ್‌ನಲ್ಲಿ ಆತುರಪಟ್ಟು ಅರೆಕಾ ಪೊದೆಗಳಿಗೆ ಒಣ ನೆಲದಲ್ಲೇ ಹಾಕಿ ಊರಿಗೆ ಹೋಗಿದ್ದೆ. ವಾಪಸ್ ಬಂದಾಗ ಮೂರು ಪೊದೆಯ ತುದಿಗಳು ಸುಟ್ಟಿದ್ದವು. ಅಂದಹಾಗೆ ಈ ಅರೆಕಾ ಪಾಮ್ ನಮ್ಮ ಅಡಿಕೆ ಅಲ್ಲ, ಮಡಗಾಸ್ಕರ್ ಕಡೆಯದು. ನಮ್ಮತ್ತೆ ಮಾತ್ರ ಇನ್ನೂ ಹೊಂಬಾಳೆಗೆ ಕಾಯುತ್ತಿದ್ದಾರೆ.

ಫಲಿತಾಂಶಕ್ಕೆ ತಾಳ್ಮೆ ಬೇಕು. ಹಳದಿಯಾದ ಗರಿ ಮತ್ತೆ ಹಸಿರಾಗುವುದಿಲ್ಲ. ಅವು ತಾನಾಗಿ ಒಣಗಿ, ಅವುಗಳ ಜಾಗಕ್ಕೆ ಆರೋಗ್ಯದ ಗರಿ ಇಳಿದು ಬರಬೇಕು. ಮೊದಲ ವರ್ಷ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಮನೆಯವರೆಲ್ಲ ಗೇಲಿ ಮಾಡಿದರು. ಎರಡನೇ ಮಳೆಗಾಲ ಮುಗಿದಾಗ ಹೊಸ ಗರಿ ಉದ್ದ ಬಂದಿದ್ದು ಎದ್ದು ಕಂಡಿತು. ಎಡಗಡೆಯ ಫಾಕ್ಸ್‌ಟೇಲ್‌ನಲ್ಲಿ ಐದು ಗರಿ ಇದ್ದದ್ದು ಈಗ ಒಂಬತ್ತಾಗಿದೆ.

ನಡುವೆ, 2023ರಲ್ಲಿ, ನಿಧಾನವಾಗಿ ಕರಗುವ ಹೊದಿಕೆಯ ಕಾಳು ಗೊಬ್ಬರವನ್ನೂ ತರಿಸಿ ನೋಡಿದೆ. ಸಾಬೂದಾನಿ ಥರದ ಗುಂಡು ಗುಂಡು ಕಾಳು. ಒಳಗಿನದು ತೇವ ಮತ್ತು ಬಿಸಿಗೆ ಮೆಲ್ಲಗೆ ಹೊರಬರುತ್ತದೆ. ವರಾಂಡದ ಕುಂಡಗಳಿಗೆ ಹಾಕಿದೆ. ಸುಟ್ಟಿದ್ದಿಲ್ಲ, ಮರೆತರೂ ತೊಂದರೆ ಇಲ್ಲ. ಕುಂಡಕ್ಕೆ ಐದಕ್ಕೆ ಐದು ಸ್ಟಾರ್. ನೆಲದ ಮರಕ್ಕೆ ಹಾಕುವ ಹಾಗಿದ್ದರೆ ತಿಂಗಳ ದಿನಸಿ ಬಜೆಟ್ಟಿಗೇ ಕೈ ಹಾಕಬೇಕು. ಮೂರು ಅಂಕಿಯಲ್ಲಿ ಕೊನೆಯದು ಮೊದಲನೆಯದಕ್ಕಿಂತ ದೊಡ್ಡದಿರುವುದನ್ನೇ ಆರಿಸಿ, ಇಲ್ಲಿ ಅಂಥದ್ದು ಹುಡುಕಬೇಕಾಗುತ್ತದೆ.

ರಾಯಲ್ ಪಾಮ್ ಕಥೆ ಬೇರೆ. ಅದಕ್ಕೆ ಪೊಟ್ಯಾಷ್ ಹಾಕಿದರೂ ಸರಿಹೋಗಲಿಲ್ಲ. ಅದರಲ್ಲಿ ಹಳೆಯ ಗರಿ ಹಸಿರು, ಹೊಸ ಗರಿಯೇ ಮುದುಡಿ, ಬೆಂಕಿಗೆ ಹಿಡಿದಂತೆ ಸುರುಟಿಕೊಂಡು ಬರುತ್ತಿತ್ತು. ಹೊಸ ಗರಿಯಲ್ಲಿ ತೊಂದರೆ ಅಂದರೆ ಸಾಮಾನ್ಯವಾಗಿ ಸೂಕ್ಷ್ಮ ಪೋಷಕಾಂಶದ್ದು, ಇದು ಮ್ಯಾಂಗನೀಸ್ ಕೊರತೆ. ಆ ಮೂಲೆಯನ್ನು ಅಗೆಸಿದರೆ ಗಾರೆ, ಸಿಮೆಂಟ್ ಚೂರು, ಟೈಲ್ಸ್ ತುಂಡು! ಮನೆ ಕಟ್ಟಿದವರು ಕಸವನ್ನೆಲ್ಲ ಅಲ್ಲೇ ಹೂತು ಮೇಲೆ ಕೆಂಪು ಮಣ್ಣು ಹರಡಿ ಹೋಗಿದ್ದರು. ಸಿಮೆಂಟಿನ ಸುಣ್ಣಕ್ಕೆ ಮಣ್ಣು ಕ್ಷಾರವಾಗಿ, ಮ್ಯಾಂಗನೀಸ್ ಇದ್ದರೂ ಬೇರಿಗೆ ಸಿಗುವುದಿಲ್ಲ. ಅತ್ತೆ ಪ್ರೀತಿಯಿಂದ ಒಲೆ ಬೂದಿ ತಂದು ಹಾಕುತ್ತಿದ್ದದ್ದೂ ಅದೇ ಮೂಲೆಗೆ. ಬೂದಿಯಲ್ಲಿ ಪೊಟ್ಯಾಷ್ ಇರುವುದು ಹೌದು, ಆದರೆ ಕ್ಷಾರವೂ ಇದೆ. ಸಿಕ್ಕಷ್ಟು ಕಸ ತೆಗೆಸಿ, ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಬೂದಿಯನ್ನು ನಿಲ್ಲಿಸಿದ್ದೇವೆ. ಈಗ ಬರುತ್ತಿರುವ ಸುಳಿ ಪರವಾಗಿಲ್ಲ, ಆದರೆ ವಾಸಿಯಾಯಿತು ಅಂತ ಹೇಳುವ ಧೈರ್ಯ ಇಲ್ಲ. ಬೋರಾಕ್ಸ್ ಹಾಕಿ ಅಂತಲೂ ಒಬ್ಬರು ಹೇಳಿದರು. ಗರಿಯ ತುದಿ ಕೊಕ್ಕೆಯಂತೆ ಬಾಗಿದ್ದರೆ, ಸುಳಿ ಬಿಚ್ಚದೆ ಅಂಟಿಕೊಂಡಿದ್ದರೆ ಮಾತ್ರ ಅದನ್ನು ಯೋಚಿಸಿ. ಬೋರಾನ್ ಸ್ವಲ್ಪ ಹೆಚ್ಚಾದರೂ ಗಿಡಕ್ಕೆ ವಿಷ.

ಸ್ಟಾರ್ ಕೇಳಿದರೆ, ಯೂರಿಯಾ-ಪೊಟ್ಯಾಷ್-ಮೆಗ್ನೀಷಿಯಂ ಮಿಶ್ರಣಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಮಾಡುವ ರಗಳೆಗೆ. ತೂಕ ಮಾಡಬೇಕು, ಪೊಟ್ಯಾಷ್ ಡಬ್ಬ ಮಳೆಗಾಲದಲ್ಲಿ ನೀರು ಹೀರಿ ಕಲ್ಲಾಗುತ್ತದೆ, ನೆಲಕ್ಕೆ ಬಿದ್ದರೆ ಗ್ರಾನೈಟ್ ಮೇಲೆ ಕೆಂಪು ಕಲೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಕೊಳ್ಳಿ. ಅಡುಗೆಮನೆಯ ತಕ್ಕಡಿ ಮುಟ್ಟಬೇಡಿ, ಬೇರೆ ತನ್ನಿ. ಇದನ್ನು ನಾನು ಬೈಸಿಕೊಂಡ ಮೇಲೆ ಕಲಿತೆ.

ಈ ಯುಗಾದಿಗೂ ಮಾಲಿ ಕುಡುಗೋಲು, ಏಣಿ ಹಿಡಿದು ಬಂದ. ಪೂರ್ತಿ ಒಣಗಿದ್ದು ಮಾತ್ರ ತೆಗಿ, ಅರ್ಧ ಹಸಿರಿದ್ದರೂ ಮುಟ್ಟಬೇಡ ಅಂದೆ. ಎರಡೂ ಫಾಕ್ಸ್‌ಟೇಲ್ ಸುತ್ತ ಒಂದು ರೌಂಡ್ ಹಾಕಿ ಬಂದು, “ಹಂಗಾರೆ ಕೊಯ್ಯೋಕೆ ಏನೂ ಇಲ್ವಲ್ಲ ಸಾರ್” ಅಂದ. ಅವತ್ತಿನ ಕೂಲಿ ಕೊಟ್ಟು ಹುಲ್ಲಿನ ಅಂಚು ಕತ್ತರಿಸಲು ಹಚ್ಚಿದೆ.