ಏಳು ದಿನದ ಅಡಿಕೆ ಧಾರಣೆ: ಕಾಗದ, ಕ್ಯಾಲ್ಕುಲೇಟರ್, ಎಕ್ಸೆಲ್

ಬಿ.ಕಾಂ. ಅಥವಾ ಬಿ.ಎ. ಅರ್ಥಶಾಸ್ತ್ರಕ್ಕೆ ಸೇರಿದವರು ಸಂಖ್ಯಾಶಾಸ್ತ್ರವನ್ನು ಯಾವುದರಲ್ಲಿ ಮಾಡಿ ಕಲಿಯಬೇಕು? ಒಂದೇ ಲೆಕ್ಕವನ್ನು ಕಾಗದ, ಕ್ಯಾಲ್ಕುಲೇಟರ್, ಎಕ್ಸೆಲ್ ಮೂರರಲ್ಲೂ ಮಾಡಿ ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಶಿವಮೊಗ್ಗ ಪೇಟೆಯ ರಾಶಿ ಎಂಬ ಜಾತಿಯ ಅಡಿಕೆಗೆ ಏಳು ದಿನ ಸಿಕ್ಕ ಬೆಲೆ, ಕ್ವಿಂಟಲಿಗೆ ಸಾವಿರ ರೂಪಾಯಿ ಲೆಕ್ಕದಲ್ಲಿ, ಹೀಗಿದೆ ಎಂದಿಟ್ಟುಕೊಳ್ಳಿ: 46, 47, 47, 48, 49, 51, 55. (ಲೆಕ್ಕ ಸಲೀಸಾಗಲೆಂದು ಹೊಂದಿಸಿಕೊಂಡ ಅಂಕಿಗಳು, ಇವತ್ತಿನ ಧಾರಣೆ ಅಂದುಕೊಂಡು ಮಂಡಿಗೆ ಹೊರಡಬೇಡಿ.)

ಮೊದಲು ಕಾಗದ. ಮೊತ್ತ 343, ಸರಾಸರಿ 49, ಮಧ್ಯಾಂಕ (ಸಾಲಿನ ನಟ್ಟನಡುವಿನ ಬೆಲೆ) 48. ವಿಚಲನೆಗಳು, ಅಂದರೆ ಪ್ರತಿ ಬೆಲೆ ಸರಾಸರಿಯಿಂದ ಎಷ್ಟು ದೂರವಿದೆ ಎಂಬುದು: −3, −2, −2, −1, 0, 2, 6. ಇವನ್ನು ಕೂಡಿದರೆ ಸೊನ್ನೆ ಬರಲೇಬೇಕು. ಬರದಿದ್ದರೆ ಅಲ್ಲೇ ನಿಂತು ತಪ್ಪು ಹುಡುಕಿ. ವರ್ಗಗಳ ಮೊತ್ತ 58. ಏಳರಿಂದ ಭಾಗಿಸಿ ವರ್ಗಮೂಲ ತೆಗೆದರೆ ಪ್ರಮಾಣಿತ ವಿಚಲನೆ (ಬೆಲೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ) 2.88. ಆ 58ರಲ್ಲಿ 36 ಬಂದದ್ದು 55 ಎಂಬ ಒಂದೇ ದಿನದಿಂದ! ವರ್ಗ ಮಾಡಿದಾಗ ದೂರದ ಅಂಕಿ ಎಷ್ಟು ಭಾರವಾಗುತ್ತದೆ ಎಂಬುದು ಕೈಯಲ್ಲಿ ಬರೆದವರಿಗೇ ತಿಳಿಯುವುದು. ಎರಡು ಸಂಗತಿಗಳು ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಎಂದು ಅಳೆಯುವ ಸಹಸಂಬಂಧಕ್ಕೆ ಬಂದಾಗ ಮಾತ್ರ ಕಾಗದ ಸೋಲುತ್ತದೆ: ಐದು ಕಾಲಮ್ಮು, ಒಂದು ಕಡೆ ಜಾರಿದರೆ ಉಳಿದದ್ದೆಲ್ಲ ಹಾಳು.

ಇನ್ನು ಕ್ಯಾಲ್ಕುಲೇಟರ್. ಕ್ಯಾಸಿಯೊ ಎಫ್‌ಎಕ್ಸ್-82 ಎಂಎಸ್‌ನಲ್ಲಿ ಮೋಡ್ ಒತ್ತಿ 2. ಪ್ರತಿ ಅಂಕಿಯ ನಂತರ ಎಂ+ ಒತ್ತಿ. ಆಮೇಲೆ ಶಿಫ್ಟ್, 2 ಒತ್ತಿದರೆ ಮೂರು ಆಯ್ಕೆ: ಮೊದಲನೆಯದು ಸರಾಸರಿ 49, ಎರಡನೆಯದು 2.88, ಮೂರನೆಯದು 3.11. ಗೊಂದಲ ಹುಟ್ಟುವುದೇ ಇಲ್ಲಿ. ಎರಡನೆಯದು 7ರಿಂದ ಭಾಗಿಸಿದ್ದು, ಮೂರನೆಯದು 6ರಿಂದ. ಕೈಯಲ್ಲಿರುವ ಏಳೇ ದಿನವನ್ನು ವರ್ಣಿಸಲು 2.88 ಸಾಕು; ಅವನ್ನು ಇಡೀ ಹಂಗಾಮಿನ ಮಾದರಿಯೆಂದು ಹಿಡಿದರೆ 3.11. ಇನ್ನೊಂದು ಕಾಟ: ಹಳೆಯ ಲೆಕ್ಕ ಅಳಿಸದೆ ಹೊಸದು ಶುರುಮಾಡಿದರೆ ಎರಡೂ ಕಲಸಿಹೋಗುತ್ತವೆ. ಶಿಫ್ಟ್, ಮೋಡ್, 1, ಸಮ ಚಿಹ್ನೆ ಒತ್ತಿ ಮೊದಲು ಅಳಿಸಿ. ಎಂ+ ಒತ್ತಿದಾಗ ಪರದೆಯಲ್ಲಿ ಬರುವ ಎಣಿಕೆ ಕೊನೆಗೆ 7 ಇದೆಯೇ ನೋಡಿ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋದರೂ ಇದಕ್ಕೇನೂ ಆಗುವುದಿಲ್ಲ, ಮಲೆನಾಡಿನಲ್ಲಿ ಅದು ಸಣ್ಣ ಮಾತಲ್ಲ.

ಎಕ್ಸೆಲ್ ಎಲ್ಲಕ್ಕಿಂತ ವೇಗ, ಮೋಸ ಹೋಗುವುದೂ ಇದರಲ್ಲೇ ಹೆಚ್ಚು. ವಾಟ್ಸ್‌ಆ್ಯಪ್‌ನ ಧಾರಣೆಪಟ್ಟಿಯಿಂದ ಅಂಟಿಸುವಾಗ 55ರ ಮುಂದೆ ‘ರೂ.’ ಉಳಿದರೆ ಆ ಕೋಶ ಅಂಕಿಯಲ್ಲ, ಬರಹ. ಆವರೇಜ್ ಸೂತ್ರ ಅದನ್ನು ಸದ್ದಿಲ್ಲದೆ ಬಿಟ್ಟು 288ನ್ನು 6ರಿಂದ ಭಾಗಿಸಿ 48 ಕೊಡುತ್ತದೆ. ತಪ್ಪು ಸಂದೇಶವೇನೂ ಬರುವುದಿಲ್ಲ. ಉತ್ತರ ಮಧ್ಯಾಂಕಕ್ಕೂ ಸರಿಹೊಂದುವುದರಿಂದ ಅನುಮಾನವೂ ಬರುವುದಿಲ್ಲ. ಪಕ್ಕದಲ್ಲಿ ಕೌಂಟ್ ಸೂತ್ರ ಹಾಕಿಡಿ: 7ರ ಬದಲು 6 ತೋರಿಸಿದರೆ ಕಳ್ಳ ಸಿಕ್ಕಿದ. ಎಡಕ್ಕೆ ಒತ್ತಿಕೊಂಡ ಅಂಕಿಯೂ ಅದೇ ಸುಳಿವು.

ಸಾಲನ್ನು ನಾಲ್ಕು ಸಮಪಾಲು ಮಾಡುವ ಚತುರ್ಥಕದಲ್ಲಿ ಇನ್ನೊಂದು ಜಗಳ. ಪಠ್ಯದ ಸೂತ್ರದಂತೆ ಮೂರನೇ ಚತುರ್ಥಕ ಆರನೇ ಬೆಲೆ, ಅಂದರೆ 51. ಎಕ್ಸೆಲ್‌ನ ಹಳೆಯ ಕ್ವಾರ್ಟೈಲ್ ಸೂತ್ರ 50 ಕೊಡುತ್ತದೆ. ಎರಡೂ ಸರಿ, ಸ್ಥಾನ ಎಣಿಸುವ ಕ್ರಮ ಬೇರೆ. ಪಠ್ಯದ ಉತ್ತರ ಬೇಕಾದರೆ ‘ಎಕ್ಸ್‌ಸಿ’ (EXC) ಎಂದು ಮುಗಿಯುವ ಸೂತ್ರ ಆರಿಸಿ. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ (R) ಎಂಬ ಕಂಪ್ಯೂಟರ್ ಭಾಷೆಯೂ ತಾನಾಗಿ 50 ಮತ್ತು 3.11 ಎನ್ನುತ್ತದೆ, ಮೊದಲ ವರ್ಷಕ್ಕೆ ಅದರ ಹಂಗು ಬೇಡ.

ಮೊದಲ ತಿಂಗಳು ಕಾಗದ, ಅಂಕಿಗಳು ಹತ್ತು ದಾಟಿದ ಮೇಲೆ ಕ್ಯಾಲ್ಕುಲೇಟರ್, ಪ್ರಾಜೆಕ್ಟ್‌ಗೆ ಎಕ್ಸೆಲ್. ನಮ್ಮ ಮಟ್ಟಿಗೆ ಇದೇ ಸರಿಯಾದ ಕ್ರಮ. ಪ್ರಾಜೆಕ್ಟ್‌ಗೆ ಅಡಿಕೆ ಬೆಲೆಯನ್ನೇ ಹಿಡಿಯುವವರು ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ಜಾತಿಗಳನ್ನೂ ಒಂದೇ ಕಾಲಮ್ಮಿಗೆ ತುರುಕಬೇಡಿ. ಆಗ ಬರುವ ವಿಚಲನೆ ದಿನದಿನದ ಏರಿಳಿತದ್ದಲ್ಲ, ಜಾತಿಯಿಂದ ಜಾತಿಗಿರುವ ಬೆಲೆ ಅಂತರದ್ದು.