ಮಾಡ್ ಮಾಡಿದ ವೀಗೆ ಯಾವ ಡ್ರೈವ್, ಯಾವ ಫಾರ್ಮ್ಯಾಟ್?

ಮಾಡ್ ಮಾಡಿದ, ಅಂದ್ರೆ ಹೊರಗಿನ ಸಾಫ್ಟ್‌ವೇರ್ ಓಡುವಂತೆ ಬದಲಿಸಿದ ನಿಂಟೆಂಡೊ ವೀ ಗೇಮ್ ಕನ್ಸೋಲ್‌ನಲ್ಲಿ ಗೇಮ್ ಬ್ಯಾಕಪ್ (ಡಿಸ್ಕ್‌ನ ನಕಲು) ಆಡಿಸಲು ಡ್ರೈವ್ ಹುಡುಕುವವರು ಮೊದಲು ಕೇಳುವುದು "ಯಾವುದು ಜಾಸ್ತಿ ಫಾಸ್ಟ್?" ಅಂತ. ಆ ಪ್ರಶ್ನೆಯಿಂದ ಹೆಚ್ಚು ಉಪಯೋಗವಿಲ್ಲ. 2006ರಲ್ಲಿ ಬಂದ ಈ ಕನ್ಸೋಲ್‌ನಲ್ಲಿ ಇರುವುದು ಯುಎಸ್‌ಬಿ 2.0. ಎಂಥ ಡ್ರೈವ್ ಚುಚ್ಚಿದರೂ ಆ ಪೋರ್ಟ್ ಬಿಟ್ಟಷ್ಟೇ ವೇಗ. ನಾನು ಪೆನ್‌ಡ್ರೈವ್, ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಎಸ್‌ಡಿ ಕಾರ್ಡ್ ಎಲ್ಲವನ್ನೂ ಹಾಕಿ, ಬೇರೆ ಬೇರೆ ಫಾರ್ಮ್ಯಾಟ್‌ನಲ್ಲಿ ಆಡಿಸಿ ನೋಡಿದ್ದೇನೆ. ಹೋಲಿಸಿದ್ದು ಮುಖ್ಯವಾಗಿ ಒಂದೇ ವಿಷಯದಲ್ಲಿ: ಗೇಮ್ ತೆರೆಯದೇ ಹೋದಾಗ ಕಾರಣ ಎಷ್ಟು ಬೇಗ ಸಿಗುತ್ತದೆ?

ಇದು ಯಾಕೆ ಮುಖ್ಯ ಅಂದ್ರೆ, ವೀ ಕಾರಣವನ್ನು ಹೇಳುವುದಿಲ್ಲ. ಡ್ರೈವ್‌ಗೆ ಕರೆಂಟ್ ಸಾಲದಿದ್ದರೂ ಕಪ್ಪು ಪರದೆ. ಬ್ಯಾಕಪ್ ಫೈಲ್ ಕೆಟ್ಟಿದ್ದರೂ ಕಪ್ಪು ಪರದೆ. ಸಿಐಓಎಸ್ (ಡ್ರೈವ್‌ನಿಂದ ಗೇಮ್ ಓಡಿಸಲು ವೀಗೆ ಹಾಕುವ ಮಾರ್ಪಡಿಸಿದ ಸಿಸ್ಟಂ ಸಾಫ್ಟ್‌ವೇರ್) ತಪ್ಪಾಗಿದ್ದರೂ ಅದೇ. ಹಾಗಾಗಿ ಸಂಶಯಪಡಬೇಕಾದ ವಿಷಯಗಳು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು.

ಡ್ರೈವ್‌ಗಳು

ಪೆನ್‌ಡ್ರೈವ್ ನೋಡಲು ಸುಲಭದ ಆಯ್ಕೆ. ಚಿಕ್ಕದು, ಬೇರೆ ಕರೆಂಟ್ ಬೇಡ, ಎಲ್ಲರ ಹತ್ತಿರ ಒಂದಾದರೂ ಇರುತ್ತದೆ. ಆದರೆ ನಾಲ್ಕು ಆಯ್ಕೆಗಳಲ್ಲಿ ನಾನು ಕೊನೆಗೆ ಇಡುವುದು ಇದನ್ನೇ. ಎಲ್ಲ ಪೆನ್‌ಡ್ರೈವ್‌ಗಳೂ ಕೆಲಸ ಮಾಡುವುದಿಲ್ಲ ಅಂತಲ್ಲ. ಅರ್ಧ ಕೆಲಸ ಮಾಡುತ್ತವೆ, ಅದೇ ತೊಂದರೆ. ಡ್ರೈವ್‌ನಿಂದ ಗೇಮ್ ತೆರೆಯುವ ಪ್ರೋಗ್ರಾಂ ಆದ ಲೋಡರ್‌ನಲ್ಲಿ ಪಟ್ಟಿ ಬರುತ್ತದೆ, ಕವರ್ ಚಿತ್ರ ಕಾಣುತ್ತದೆ, ಗೇಮ್ ಶುರು ಕೂಡ ಆಗುತ್ತದೆ. ಆಮೇಲೆ ಯಾವುದೋ ಒಂದು ಹಂತದ ನಡುವೆ ನಿಂತುಬಿಡುತ್ತದೆ. ಆಗ ಸಂಶಯ ಬ್ಯಾಕಪ್ ಮೇಲೆ ಹೋಗುತ್ತದೆ, ಲೋಡರ್ ಮೇಲೆ ಹೋಗುತ್ತದೆ, ಡ್ರೈವ್ ಮೇಲೆ ಮಾತ್ರ ಹೋಗುವುದಿಲ್ಲ. ಒಳಗಿನ ಕಂಟ್ರೋಲರ್ ಚಿಪ್ ಕಂಪನಿಯಿಂದ ಕಂಪನಿಗೆ ಬೇರೆ. ಒಂದೇ ಹೆಸರಿನ ಮಾದರಿಯಲ್ಲೂ ಅದು ಬದಲಾಗುತ್ತದೆ. ಜೊತೆಗೆ, ಮೇಲೆ ಬರೆದಷ್ಟು ಜಾಗವೇ ಇಲ್ಲದ ನಕಲಿ ಪೆನ್‌ಡ್ರೈವ್‌ಗಳೂ ಇವೆ. ಪೆನ್‌ಡ್ರೈವ್ ಬಳಸಲೇಬೇಕು ಅನ್ನುವವರು ಮೊದಲು ಕಂಪ್ಯೂಟರ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪ್ರೋಗ್ರಾಂ ಓಡಿಸಿ, ಪೂರ್ತಿ ಜಾಗ ಬರೆದು ಓದಿಸಿ ನೋಡಿ. ಒಂದು ದೊಡ್ಡ ತಲೆನೋವು ಅಲ್ಲೇ ಮುಗಿಯುತ್ತದೆ.

ಅಂಗೈ ಗಾತ್ರದ 2.5 ಇಂಚಿನ ಹಾರ್ಡ್ ಡಿಸ್ಕ್ ಇದಕ್ಕೆ ತದ್ವಿರುದ್ಧ. ಇದು ಕೆಟ್ಟಾಗ ಸದ್ದು ಮಾಡಿ ಹೇಳುತ್ತದೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್. ಡಿಸ್ಕ್ ತಿರುಗಲು ಶುರುವಾಗುವ ಆ ಕ್ಷಣಕ್ಕೆ ಅದಕ್ಕಿಂತ ಜಾಸ್ತಿ ಬೇಕಾಗಬಹುದು. ಆಗ ಟಿಕ್ ಟಿಕ್ ಸದ್ದು ಬರುತ್ತದೆ, ದೀಪ ಹತ್ತಿ ಆರುತ್ತದೆ, ಲೋಡರ್ ಡ್ರೈವ್‌ಗಾಗಿ ಕಾಯುತ್ತಾ ಸೆಕೆಂಡ್ ಎಣಿಸುತ್ತದೆ. ಎರಡು ತಲೆಯ ವೈ ಕೇಬಲ್ ಹಾಕಿ ಎರಡೂ ಪೋರ್ಟ್‌ನಿಂದ ಕರೆಂಟ್ ಕೊಟ್ಟರೆ ನಾನು ನೋಡಿದ ಮಟ್ಟಿಗೆ ಈ ಸಮಸ್ಯೆ ಹೋಗುತ್ತದೆ. ಡೇಟಾ ಹೋಗುವ ತಲೆ ಮಾತ್ರ ಕನ್ಸೋಲ್‌ನ ಅಂಚಿಗೆ ಹತ್ತಿರ ಇರುವ ಪೋರ್ಟ್‌ನಲ್ಲೇ ಇರಬೇಕು. ಅದೇ ಪೋರ್ಟ್ 0. ಲೋಡರ್‌ಗಳು ಸಾಮಾನ್ಯವಾಗಿ ಅಲ್ಲೇ ಹುಡುಕುತ್ತವೆ. ಎಷ್ಟೋ ಬಾರಿ "ಡ್ರೈವ್ ಕಾಣ್ತಿಲ್ಲ" ಅನ್ನುವ ದೂರಿಗೆ ಇದೊಂದೇ ಮದ್ದು.

ವೈ ಕೇಬಲ್‌ಗೆ ಒಂದು ಮಿತಿ ಇದೆ. ಎರಡೂ ಪೋರ್ಟ್ ತುಂಬಿದ ಮೇಲೆ ಯುಎಸ್‌ಬಿ ಮೈಕ್ ಬೇಡುವ ಹಾಡಿನ ಗೇಮ್‌ಗಳಿಗೆ ಜಾಗವಿಲ್ಲ. ಅಂಥವರಿಗೆ ಸ್ವಂತ ಅಡಾಪ್ಟರ್ ಇರುವ 3.5 ಇಂಚಿನ ಡಿಸ್ಕ್ ಒಳ್ಳೆಯದು. ಟಿವಿ ಪಕ್ಕ ಇನ್ನೊಂದು ಪ್ಲಗ್ ಬೇಕಾಗುತ್ತದೆ, ಅಷ್ಟೇ. ಸುಮ್ಮನೆ ಬಿಟ್ಟಾಗ ಕೆಲವು ಡಿಸ್ಕ್‌ಗಳು ತಾವಾಗಿ ನಿದ್ದೆಗೆ ಹೋಗುತ್ತವೆ. ಮತ್ತೆ ಎದ್ದೇಳುವಾಗ ಗೇಮ್ ಸ್ವಲ್ಪ ತಡೆದರೆ ಹೆದರಬೇಡಿ. ಏಳದೇ ಹೋದರೆ ಮಾತ್ರ ಆ ಡಿಸ್ಕ್ ಬದಲಿಸಿ.

ಎಸ್‌ಎಸ್‌ಡಿ ಬಗ್ಗೆ ನನಗೆ ದೊಡ್ಡ ನಿರೀಕ್ಷೆ ಇತ್ತು. ಸದ್ದಿಲ್ಲ, ತಿರುಗುವ ಭಾಗವಿಲ್ಲ, ನಿದ್ದೆಯಿಂದ ಎಬ್ಬಿಸುವ ಕಾಟವಿಲ್ಲ. ಗೇಮ್ ತೆರೆಯುವ ಸಮಯದಲ್ಲಿ ಮಾತ್ರ ಹಾರ್ಡ್ ಡಿಸ್ಕ್‌ಗೂ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಇಲ್ಲಿ ಎಲ್ಲವೂ ನಿಂತಿರುವುದು ಸಾಟಾದಿಂದ ಯುಎಸ್‌ಬಿಗೆ ತಿರುಗಿಸುವ ಅಡಾಪ್ಟರ್ ಮೇಲೆ. ಕೆಲವು ಅಡಾಪ್ಟರ್ ಮತ್ತು ಡ್ರೈವ್ ಕೂರಿಸುವ ಪೆಟ್ಟಿಗೆಗಳು ಡ್ರೈವ್‌ನ ಸೆಕ್ಟರನ್ನು (ಡೇಟಾ ಓದಿ ಬರೆಯುವ ಚಿಕ್ಕ ಘಟಕ) 512 ಬೈಟ್ ಬದಲು 4096 ಬೈಟ್ ಅಂತ ತೋರಿಸುತ್ತವೆ. ವೀ ಕಡೆಯ ಸಾಫ್ಟ್‌ವೇರ್‌ಗೆ ಒಗ್ಗುವುದು 512. ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಓದುವ ಡ್ರೈವ್ ವೀಯಲ್ಲಿ ಖಾಲಿ ಅಂತ ಕಂಡರೆ ಇದನ್ನು ಪರೀಕ್ಷಿಸಿ. ಪೆಟ್ಟಿಗೆ ಬದಲಿಸಿದರೆ ಹಳೆಯ ಫಾರ್ಮ್ಯಾಟ್ ಓದಲಾಗದೇ ಹೋಗಬಹುದು, ಆದ್ದರಿಂದ ಮೊದಲು ಡೇಟಾವನ್ನು ಬೇರೆ ಕಡೆ ಇಟ್ಟುಕೊಳ್ಳಿ.

ಎಸ್‌ಡಿ ಕಾರ್ಡ್‌ಗೆ ಎರಡೇ ಮಾತು. ಕೆಲವೇ ಗೇಮ್ ಸಾಕು ಅನ್ನುವವರಿಗೆ, ಅದರಲ್ಲೂ ಗೇಮ್‌ಕ್ಯೂಬ್ (ವೀಗಿಂತ ಹಿಂದಿನ ನಿಂಟೆಂಡೊ ಕನ್ಸೋಲ್) ಗೇಮ್‌ಗಳಿಗೆ ಇದು ಚೊಕ್ಕ. ಮತ್ತೆ, ಡ್ರೈವ್ ಮೇಲೆ ಸಂಶಯ ಬಂದಾಗ ಅದೇ ಗೇಮನ್ನು ಕಾರ್ಡ್‌ಗೆ ಹಾಕಿ, ಲೋಡರನ್ನು ಎಸ್‌ಡಿ ಕಡೆಗೆ ತಿರುಗಿಸಿ ನೋಡಿ. ಅಲ್ಲಿ ಓಡಿದರೆ ಫೈಲ್ ಸರಿ, ತೊಂದರೆ ಡ್ರೈವ್‌ನದ್ದು.

ಫಾರ್ಮ್ಯಾಟ್

ಡ್ರೈವ್‌ಗಿಂತ ಜಾಸ್ತಿ ಜನ ಎಡವುವುದು ಇಲ್ಲಿ. ಎಕ್ಸ್‌ಫ್ಯಾಟ್ ಅನ್ನು ಈಗಲೇ ಪಕ್ಕಕ್ಕೆ ಇಡಿ. ಹೊಸ ಡ್ರೈವ್‌ಗಳು ಹೆಚ್ಚಾಗಿ ಅದರಲ್ಲೇ ಬರುತ್ತವೆ. "ಹೊಸ ಡ್ರೈವ್, ಆದ್ರೂ ಕಾಣಲ್ಲ" ಅನ್ನುವುದಕ್ಕೆ ಇದೇ ದೊಡ್ಡ ಕಾರಣ. ಉಳಿದದ್ದು ಡಬ್ಲ್ಯೂಬಿಎಫ್‌ಎಸ್, ಎನ್‌ಟಿಎಫ್‌ಎಸ್ ಮತ್ತು ಫ್ಯಾಟ್32.

ಡಬ್ಲ್ಯೂಬಿಎಫ್‌ಎಸ್ ವೀ ಬ್ಯಾಕಪ್‌ಗಾಗಿಯೇ ಹುಟ್ಟಿದ ಫಾರ್ಮ್ಯಾಟ್. ಇದೇ ಹೆಸರಲ್ಲಿ ಎರಡು ವಸ್ತುಗಳಿವೆ, ಬೆರೆಸಿಕೊಳ್ಳಬಾರದು: ಇಡೀ ಪಾರ್ಟಿಷನ್ನಿನ ಫಾರ್ಮ್ಯಾಟ್ ಒಂದು, ಒಂದೊಂದು ಗೇಮ್‌ನ ಫೈಲ್ ಇನ್ನೊಂದು. ಫೈಲ್ ಇವತ್ತಿಗೂ ಬಹಳ ಒಳ್ಳೆಯದು, ಡಿಸ್ಕ್‌ನಲ್ಲಿ ಜಾಗ ತುಂಬಲು ಹಾಕಿದ ಬೇಡದ ಡೇಟಾವನ್ನು ಅದು ಬಿಟ್ಟುಬಿಡುತ್ತದೆ. ಪಾರ್ಟಿಷನ್ ಮಾತ್ರ ಈಗ ಯಾರೂ ಮಾಡಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ವಿಂಡೋಸ್‌ಗೆ ಅದು ಗೊತ್ತಿಲ್ಲ. ಚುಚ್ಚಿದ ಕೂಡಲೇ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತದೆ. ಮನೆಯಲ್ಲಿ ಬೇರೆ ಯಾರಾದರೂ ಹೌದು ಅಂದರೆ ಎಲ್ಲ ಗೇಮ್ ಹೋದವು. ಗೇಮ್‌ಕ್ಯೂಬ್ ಫೈಲ್, ಕವರ್ ಚಿತ್ರ, ಹೋಮ್‌ಬ್ರೂ (ಹವ್ಯಾಸಿಗಳು ಬರೆದ ಪ್ರೋಗ್ರಾಂ) ಯಾವುದನ್ನೂ ಅದರಲ್ಲಿ ಇಡಲು ಬರುವುದಿಲ್ಲ.

ಎನ್‌ಟಿಎಫ್‌ಎಸ್‌ಗೆ ಒಂದು ನಿಜವಾದ ಹಿರಿಮೆ ಇದೆ: ಫೈಲ್ ಗಾತ್ರದ ತೊಂದರೆ ಇಲ್ಲ. ವೀ ಡಿಸ್ಕ್ ಒಂದು ಪದರದ್ದಾದರೆ 4.7 ಜಿಬಿ, ಎರಡು ಪದರದ್ದಾದರೆ 8.5 ಜಿಬಿ. ಎನ್‌ಟಿಎಫ್‌ಎಸ್‌ನಲ್ಲಿ ಪೂರ್ತಿ ಐಎಸ್‌ಓವನ್ನು (ಡಿಸ್ಕ್‌ನ ಇಡೀ ನಕಲು) ಒಂದೇ ಫೈಲ್ ಆಗಿ ಇಡಬಹುದು, ಯುಎಸ್‌ಬಿ ಲೋಡರ್ ಜಿಎಕ್ಸ್ ಅನ್ನುವ ಲೋಡರ್ ಅದನ್ನು ಓದುತ್ತದೆ. ಬರೀ ವೀ ಗೇಮ್ ಆಡುವುದಾದರೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ಗೇಮ್‌ಕ್ಯೂಬ್ ಗೇಮ್ ಓಡಿಸುವ ನಿಂಟೆಂಡಾಂಟ್‌ಗೆ ಎನ್‌ಟಿಎಫ್‌ಎಸ್ ಬರುವುದಿಲ್ಲ. ಹೋಮ್‌ಬ್ರೂ ಚಾನೆಲ್‌ನದ್ದೂ ಅದೇ ಕಥೆ. ಒಂದೇ ಡ್ರೈವ್‌ನಲ್ಲಿ ಅರ್ಧ ಓಡಿ ಅರ್ಧ ಓಡದಿದ್ದರೆ ಹುಡುಕಾಟ ದಿಕ್ಕು ತಪ್ಪುತ್ತದೆ, ಅಲ್ವಾ?

ಫ್ಯಾಟ್32 ಹಳೆಯದು. ಒಂದು ಫೈಲ್ 4 ಜಿಬಿ ತಲುಪುವಂತಿಲ್ಲ. ಆದರೂ ನನ್ನ ಮತ ಇದಕ್ಕೇ. ಮಿತಿ ದಾಟುವುದು ಸುಲಭ: ಕಂಪ್ಯೂಟರ್‌ನಲ್ಲಿ ವೀ ಬ್ಯಾಕಪ್ ಮ್ಯಾನೇಜರ್ ಅಥವಾ ವಿಟ್ ಅನ್ನುವ ಪ್ರೋಗ್ರಾಂ ಬಳಸಿದರೆ ದೊಡ್ಡ ಗೇಮ್ ತಾನಾಗಿ ಎರಡು ತುಂಡಾಗುತ್ತದೆ, ಲೋಡರ್ ಎರಡನ್ನೂ ಸೇರಿಸಿ ಓದುತ್ತದೆ. ಫಾರ್ಮ್ಯಾಟ್ ಮಾಡುವಾಗ ಕ್ಲಸ್ಟರ್ (ಡ್ರೈವ್ ಜಾಗ ಹಂಚುವ ತುಂಡು) ಗಾತ್ರ 32 ಕೆಬಿ ಇಡಿ. 64 ಕೆಬಿ ಇಟ್ಟ ಡ್ರೈವ್‌ನಲ್ಲಿ ಪಟ್ಟಿ ಬಂದು ಗೇಮ್ ತೆರೆಯದ ತೊಂದರೆ ಕಂಡಿದ್ದೇನೆ. ವಿಂಡೋಸ್‌ನ ಸಾಮಾನ್ಯ ಫಾರ್ಮ್ಯಾಟ್ ಕಿಟಕಿ 32 ಜಿಬಿ ಮೀರಿದ ಡ್ರೈವ್‌ಗೆ ಫ್ಯಾಟ್32 ತೋರಿಸದಿದ್ದರೆ ಜಿಯುಐ ಫಾರ್ಮ್ಯಾಟ್ ಅನ್ನುವ ಚಿಕ್ಕ ಪ್ರೋಗ್ರಾಂ ಸಾಕು. ಪಾರ್ಟಿಷನ್ ಟೇಬಲ್ (ಡ್ರೈವ್‌ನ ವಿಭಾಗಗಳ ಪಟ್ಟಿ) ಜಿಪಿಟಿ ಬೇಡ, ಎಂಬಿಆರ್ ಇರಲಿ. ಪಾರ್ಟಿಷನ್ ಪ್ರೈಮರಿ ಆಗಿರಲಿ, ಸಾಧ್ಯವಾದರೆ ಒಂದೇ ಇರಲಿ. ಎಂಬಿಆರ್ 2 ಟಿಬಿವರೆಗೆ ಮಾತ್ರ, ಅಷ್ಟು ಜಾಗ ವೀ ಗೇಮ್‌ಗಳಿಗೆ ಧಾರಾಳ.

ಫೋಲ್ಡರ್ ಹೆಸರುಗಳೂ ಗಟ್ಟಿ ನಿಯಮ. ವೀ ಗೇಮ್‌ಗಳು ಡ್ರೈವ್‌ನ ಮೂಲದಲ್ಲಿರುವ ಡಬ್ಲ್ಯೂಬಿಎಫ್‌ಎಸ್ (wbfs) ಹೆಸರಿನ ಫೋಲ್ಡರ್‌ನಲ್ಲಿ, ಒಂದೊಂದೂ ತನ್ನ ಫೋಲ್ಡರ್‌ನಲ್ಲಿ, ಗೇಮ್‌ನ ಆರು ಅಕ್ಷರದ ಐಡಿ ಜೊತೆ ಇರಬೇಕು. ಗೇಮ್‌ಕ್ಯೂಬ್‌ನವು ಗೇಮ್ಸ್ (games) ಫೋಲ್ಡರ್‌ನಲ್ಲಿ, ಹಾಗೆಯೇ ಒಂದೊಂದೂ ತನ್ನ ಫೋಲ್ಡರ್‌ನಲ್ಲಿ, ಫೈಲ್ ಹೆಸರು ಗೇಮ್ ಐಎಸ್‌ಓ (game.iso) ಅಂತ. ಎರಡನೇ ಡಿಸ್ಕ್ ಇದ್ದರೆ ಅದಕ್ಕೆ ಡಿಸ್ಕ್2 (disc2.iso). ಪಟ್ಟಿಯಲ್ಲೇ ಬರದ ಗೇಮ್‌ಗೆ ಮೊದಲ ಸಂಶಯ ಇಲ್ಲಿ ಪಡಿ. ಮ್ಯಾಕ್‌ನಿಂದ ನಕಲು ಮಾಡಿದವರು ಚುಕ್ಕಿಯಿಂದ ಶುರುವಾಗುವ ಅಡಗಿದ ಫೈಲ್‌ಗಳನ್ನು ಅಳಿಸಿಬಿಡಿ.

ಲೋಡರ್

ವೀಫ್ಲೋ ಚೆಂದ, ಕವರ್‌ಗಳು ಸಾಲಾಗಿ ಹರಿಯುವುದನ್ನು ನೋಡುವುದೇ ಖುಷಿ. ಆದರೆ ಅದು ಪಟ್ಟಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಹೊಸ ಗೇಮ್ ಹಾಕಿದ ಮೇಲೆ ಕ್ಯಾಶ್ ಹೊಸದಾಗಿ ಓದಿಸಬೇಕು, ಇಲ್ಲದಿದ್ದರೆ ಗೇಮ್ ಕಾಣುವುದಿಲ್ಲ. ತೊಂದರೆ ಹುಡುಕುವ ಹೊತ್ತಲ್ಲಿ ಇದು ಇನ್ನೊಂದು ಸಂಶಯ. ಆದ್ದರಿಂದ ಪರೀಕ್ಷೆಗೆ ನಾನು ಯುಎಸ್‌ಬಿ ಲೋಡರ್ ಜಿಎಕ್ಸ್ ಬಳಸುತ್ತೇನೆ. ಎಲ್ಲ ಸರಿಯಾದ ಮೇಲೆ ಯಾವುದು ಇಷ್ಟವೋ ಅದನ್ನು ಇಟ್ಟುಕೊಳ್ಳಿ.

ಲೋಡರ್ ಯಾವುದಾದರೂ ಕೆಳಗೆ ಡಿ2ಎಕ್ಸ್ ಅನ್ನುವ ಸಿಐಓಎಸ್ ಇರಬೇಕು: ಸ್ಲಾಟ್ 249ರಲ್ಲಿ ಬೇಸ್ 56, ಸ್ಲಾಟ್ 250ರಲ್ಲಿ ಬೇಸ್ 57. ಸಿಸ್‌ಚೆಕ್ ಅನ್ನುವ ಪ್ರೋಗ್ರಾಂ ಓಡಿಸಿದರೆ ಏನೇನು ಇದೆ ಅಂತ ಎಸ್‌ಡಿ ಕಾರ್ಡ್‌ಗೆ ಪಟ್ಟಿ ಬರೆದುಕೊಡುತ್ತದೆ. ಬೇರೆ ಗೇಮ್ ಓಡಿ ಒಂದು ಮಾತ್ರ ಓಡದಿದ್ದರೆ ಆ ಗೇಮ್‌ನ ಸೆಟ್ಟಿಂಗ್‌ನಲ್ಲಿ 249 ಬದಲು 250 ಕೊಟ್ಟು ನೋಡಿ. ನಿಂಟೆಂಡಾಂಟ್‌ಗೆ ಈ ಸಿಐಓಎಸ್ ಬೇಕಿಲ್ಲ. ಇದು ಒಳ್ಳೆಯ ಸುಳಿವು: ಅದೇ ಡ್ರೈವ್‌ನಿಂದ ಗೇಮ್‌ಕ್ಯೂಬ್ ಗೇಮ್ ಸಲೀಸಾಗಿ ಓಡಿ, ವೀ ಗೇಮ್ ಒಂದೂ ಓಡದಿದ್ದರೆ ಡ್ರೈವ್ ಬಿಟ್ಟು ಸಿಐಓಎಸ್ ಕಡೆ ನೋಡಿ.

ಬ್ಯಾಕಪ್ ಫೈಲ್

ನಿಮ್ಮದೇ ಡಿಸ್ಕನ್ನು ಕ್ಲೀನ್‌ರಿಪ್ ಅನ್ನುವ ಪ್ರೋಗ್ರಾಂನಿಂದ ವೀಯಲ್ಲೇ ಓದಿಸುವುದು ನಾನು ನೋಡಿದ ದಾರಿಗಳಲ್ಲಿ ಎಲ್ಲಕ್ಕಿಂತ ಭದ್ರ. ನಕಲು ಮುಗಿದ ಮೇಲೆ ಅದು ಚೆಕ್‌ಸಮ್ (ಫೈಲ್‌ನಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ಲೆಕ್ಕ ಹಾಕಿ ಸರಿಯಾದ ನಕಲುಗಳ ದಾಖಲೆಯಾದ ರೀಡಂಪ್ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ತಾಳೆಯಾದರೆ ಆ ಫೈಲ್ ಮೇಲೆ ಮುಂದೆ ಸಂಶಯಪಡುವ ಕೆಲಸವಿಲ್ಲ. ಈ ತಾಳೆ ಪೂರ್ತಿ ಐಎಸ್‌ಓಗೆ ಮಾತ್ರ. ಡಬ್ಲ್ಯೂಬಿಎಫ್‌ಎಸ್ ಫೈಲ್ ಆದ ಮೇಲೆ ಬೇಡದ ಡೇಟಾ ಬಿಟ್ಟುಹೋಗಿರುತ್ತದೆ, ಚೆಕ್‌ಸಮ್ ಹೊಂದುವುದಿಲ್ಲ. ಹಾಗಾಗಿ ಮೊದಲು ತಾಳೆ, ಆಮೇಲೆ ಪರಿವರ್ತನೆ. ಪರಿವರ್ತನೆಯಾದ ಫೈಲ್ ಮೇಲೆ ಸಂಶಯ ಬಂದರೆ ವಿಟ್‌ನ ವೆರಿಫೈ ಆದೇಶ ಇದೆ. ಡಿಸ್ಕ್‌ನ ಒಳಗೇ ಇರುವ ಹ್ಯಾಶ್‌ಗಳನ್ನು (ಚೆಕ್‌ಸಮ್‌ನಂಥವೇ) ಅದು ಪರೀಕ್ಷಿಸುತ್ತದೆ.

ಡ್ರೈವ್‌ನಲ್ಲಿ ಗೇಮ್ ಅಳಿಸಿ, ಸೇರಿಸಿ, ಮತ್ತೆ ಅಳಿಸಿ ಮಾಡುತ್ತಿದ್ದರೆ ಫೈಲ್‌ಗಳು ಚೂರುಚೂರಾಗಿ ಹರಡುತ್ತವೆ. ಚೂರು ತೀರಾ ಜಾಸ್ತಿಯಾದರೆ ಗೇಮ್ ತೆರೆಯುವುದೇ ಇಲ್ಲ. ಎಲ್ಲವನ್ನೂ ಕಂಪ್ಯೂಟರ್‌ಗೆ ಎತ್ತಿಟ್ಟು, ಫಾರ್ಮ್ಯಾಟ್ ಮಾಡಿ, ಒಂದಾದ ಮೇಲೆ ಒಂದರಂತೆ ನಕಲು ಮಾಡಿದರೆ ಸರಿಹೋಗುತ್ತದೆ.

ಹೀಗೆ ಫಾರ್ಮ್ಯಾಟ್ ಮಾಡುವ ಮೊದಲು ಸೇವ್ಸ್ ಫೋಲ್ಡರ್ ಮರೆಯಬೇಡಿ. ನಿಂಟೆಂಡಾಂಟ್‌ನಲ್ಲಿ ಮೆಮೊರಿ ಕಾರ್ಡ್ ಅನುಕರಣೆ ಆನ್ ಇದ್ದರೆ ಗೇಮ್‌ಕ್ಯೂಬ್ ಸೇವ್‌ಗಳು ಅದೇ ಡ್ರೈವ್‌ನ ಆ ಫೋಲ್ಡರ್‌ನಲ್ಲಿ ಕೂರುತ್ತವೆ. ವೀ ಗೇಮ್‌ಗಳ ಸೇವ್, ನೀವಾಗಿ ಬದಲಿಸದಿದ್ದರೆ, ಕನ್ಸೋಲ್‌ನ 512 ಎಂಬಿ ಒಳ ಮೆಮೊರಿಯಲ್ಲೇ ಇರುತ್ತದೆ. ಡ್ರೈವ್ ಅಳಿಸಿದರೂ ಅದಕ್ಕೆ ಏನೂ ಆಗುವುದಿಲ್ಲ.