ಪಾಸ್‌ವರ್ಡ್ ಫೈಲ್ ಸರ್ವರ್‌ಗೆ: ಆರ್‌ಸಿಂಕ್, ಸಿಂಕ್‌ಥಿಂಗ್, ರೆಸ್ಟಿಕ್

ನನ್ನ ಪಾಸ್‌ವರ್ಡ್‌ಗಳೆಲ್ಲ ಕೀಪಾಸ್‌ಎಕ್ಸ್‌ಸಿ ಅನ್ನುವ ಪಾಸ್‌ವರ್ಡ್ ಮ್ಯಾನೇಜರ್‌ನ ಒಂದೇ ಫೈಲಿನಲ್ಲಿವೆ. ಗಾತ್ರ ಅರ್ಧ ಎಂಬಿ ಕೂಡ ಇಲ್ಲ, ಆದರೆ ಅದು ಹೋದರೆ ಎಲ್ಲ ಹೋದ ಹಾಗೆ. ದೂರದ ಸರ್ವರ್‌ನಲ್ಲಿ ಅದರ ಪ್ರತಿ ಇಡಲು ಮೂರು ದಾರಿ ಹಿಡಿದು ನೋಡಿದೆ.

ಮೊದಲು ಆರ್‌ಸಿಂಕ್, ಫೈಲನ್ನು ಇನ್ನೊಂದು ಕಂಪ್ಯೂಟರ್‌ಗೆ ನಕಲು ಮಾಡುವ ಸಾಧನ. ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಒಂದು ಎಸ್‌ಎಸ್‌ಎಚ್ ಕೀ, ಪ್ರತಿ ರಾತ್ರಿ ತಾನಾಗಿ ಓಡಿಸಲು ಕ್ರಾನ್‌ನಲ್ಲಿ ಒಂದು ಸಾಲು, ಮುಗೀತು. ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ ಅಂತ 1996ರಿಂದಲೂ ಇದಕ್ಕೆ ಹೆಸರು. ನಮ್ಮ ಫೈಲಿನ ಮಟ್ಟಿಗೆ ಆ ಜಾಣತನ ನಡೆಯುವುದಿಲ್ಲ. ಒಂದೇ ಪಾಸ್‌ವರ್ಡ್ ಬದಲಿಸಿ ಸೇವ್ ಮಾಡಿದರೂ ಇಡೀ ಫೈಲ್ ಹೊಸದಾಗಿ ಎನ್‌ಕ್ರಿಪ್ಟ್ ಆಗುತ್ತದೆ, ಹಳೆಯ ಬೈಟ್‌ಗಳಿಗೂ ಹೊಸದಕ್ಕೂ ಸಂಬಂಧವೇ ಇರುವುದಿಲ್ಲ. ಅರ್ಧ ಎಂಬಿಗೆ ಅದೇನು ದೊಡ್ಡ ವಿಷಯ ಅಲ್ಲ ಬಿಡಿ.

ಪೆಟ್ಟು ಬಿದ್ದಿದ್ದು ಬೇರೆ ಕಡೆ. ಒಂದು ಸಂಜೆ ಹಳೇ ಖಾತೆಗಳನ್ನು ಗುಡಿಸಿ ಹಾಕುವಾಗ ಬೇಕಾದ ಗುಂಪೊಂದನ್ನೂ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಬಿಟ್ಟೆ. ಗೊತ್ತಾಗಿದ್ದು ಮೂರು ದಿನ ಬಿಟ್ಟು. ಅಷ್ಟರಲ್ಲಿ ಆರ್‌ಸಿಂಕ್ ಮೂರು ರಾತ್ರಿಯೂ ನಿಯತ್ತಾಗಿ ಕೆಲಸ ಮಾಡಿ, ಸರ್ವರ್‌ನ ಒಳ್ಳೆಯ ಪ್ರತಿಯ ಮೇಲೆ ಈ ಕೆಟ್ಟ ಪ್ರತಿಯನ್ನು ಬರೆದಿತ್ತು. ಫೋನಿನಲ್ಲಿ ಹಳೇ ಫೈಲ್ ಸುಮ್ನೆ ಬಿದ್ದಿತ್ತು, ಬಚಾವಾದೆ. ಬ್ಯಾಕಪ್ ಆಯ್ಕೆ ಕೊಟ್ಟು, ಹಳೆಯದರ ಹೆಸರಿಗೆ ತಾರೀಖು ಅಂಟಿಸಿದರೆ ಈ ಕಾಟ ತಪ್ಪುತ್ತದೆ. ಆದರೆ ಹಳೆಯ ಪ್ರತಿಗಳನ್ನು ತೆಗೆಯುತ್ತಿರುವ ಕೆಲಸ ನಿಮ್ಮದೇ.

ಎರಡನೆಯದು ಸಿಂಕ್‌ಥಿಂಗ್, ಹಲವು ಸಾಧನಗಳಲ್ಲಿ ಫೈಲನ್ನು ಒಂದೇ ಥರ ಇಡುವ ತಂತ್ರಾಂಶ. ಅದು ಬ್ಯಾಕಪ್ ಅಲ್ಲವೇ ಅಲ್ಲ. ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ್ದು ಸರ್ವರ್‌ನಲ್ಲೂ ಅಳಿಯುತ್ತದೆ, ರಾತ್ರಿಯವರೆಗೂ ಕಾಯುವುದಿಲ್ಲ. ಹಳೆಯ ಪ್ರತಿಗಳನ್ನು ಉಳಿಸಿಡುವ ವರ್ಶನಿಂಗ್ ಇದೆ, ನಾವೇ ಆನ್ ಮಾಡಬೇಕು, ಅದೂ ಸರ್ವರ್ ಕಡೆ. ಫೋನಿಗೂ ಲ್ಯಾಪ್‌ಟಾಪಿಗೂ ನಡುವೆ ಓಡಾಡಲು ಮಾತ್ರ ಇಟ್ಟುಕೊಂಡಿದ್ದೇನೆ. ಎರಡೂ ಕಡೆ ಒಟ್ಟಿಗೆ ತಿದ್ದಿದರೆ ಕಾನ್‌ಫ್ಲಿಕ್ಟ್ ಫೈಲ್ ಅಂತ ಇನ್ನೊಂದು ಪ್ರತಿ ಹುಟ್ಟುತ್ತದೆ, ಎರಡನ್ನೂ ಒಂದು ಮಾಡುವ ಕೀಪಾಸ್‌ಎಕ್ಸ್‌ಸಿಯ ಮರ್ಜ್ ಅದನ್ನು ಸರಿ ಮಾಡುತ್ತದೆ.

ಈಗ ನಾನು ನೆಚ್ಚಿಕೊಂಡಿರುವುದು ರೆಸ್ಟಿಕ್ ಅನ್ನುವ ಬ್ಯಾಕಪ್ ತಂತ್ರಾಂಶ. ಎಸ್‌ಎಸ್‌ಎಚ್ ಮೂಲಕ ಫೈಲ್ ಕಳಿಸುವ ಎಸ್‌ಎಫ್‌ಟಿಪಿ ಇದ್ದರೆ ಸಾಕು, ಸರ್ವರ್‌ನಲ್ಲಿ ಬೇರೇನೂ ಹಾಕಬೇಕಿಲ್ಲ. ಓಡಿದಾಗಲೆಲ್ಲ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಫೈಲಿನ ಪ್ರತಿ. 7 ದಿನದ್ದು, 4 ವಾರದ್ದು, 12 ತಿಂಗಳದ್ದು ಉಳಿಸು, ಮಿಕ್ಕಿದ್ದು ತೆಗೆ ಅಂದರೆ ತಾನೇ ತೆಗೆಯುತ್ತದೆ. ಮೂರು ದಿನದ ಹಿಂದಿನ ಫೈಲ್ ಬೇಕೇ? ಪಟ್ಟಿಯಿಂದ ಆರಿಸಿಕೊಳ್ಳಿ.

ಇದರಲ್ಲೂ ಒಂದು ಗುಂಡಿ ಇದೆ, ನಾನೇ ತೋಡಿಕೊಂಡದ್ದು. ರೆಸ್ಟಿಕ್‌ಗೆ ತನ್ನದೇ ಪಾಸ್‌ವರ್ಡ್ ಬೇಕು, ಮರೆತರೆ ಒಳಗಿನದು ವಾಪಸ್ ಬರುವುದಿಲ್ಲ. ಅದನ್ನು ಎಲ್ಲಿಟ್ಟಿದ್ದೆ? ಕೀಪಾಸ್‌ಎಕ್ಸ್‌ಸಿಯಲ್ಲೇ! ಎಸ್‌ಎಸ್‌ಎಚ್ ಕೀ ಬಳಸಲು ಬೇಕಾದ ಪಾಸ್‌ಫ್ರೇಸ್ ಕೂಡ ಅಲ್ಲೇ. ಖಾಲಿ ಲ್ಯಾಪ್‌ಟಾಪ್‌ನಲ್ಲಿ ರಿಸ್ಟೋರ್ ಮಾಡಿ ನೋಡೋಣ ಅಂತ ಕೂತಾಗಲೇ ತಲೆಗೆ ಹೊಳೆದದ್ದು. ಬೀರುವಿನ ಕೀಲಿ ಬೀರುವಿನೊಳಗೇ ಇಟ್ಟು ಬೀಗ ಹಾಕಿದಂತೆ, ಅಲ್ವಾ?

ಈಗ ಅವೆರಡೂ ಸರ್ವರ್‌ನ ವಿಳಾಸದ ಜೊತೆ ಕಾಗದದ ಮೇಲಿವೆ. ಕೀಪಾಸ್‌ಎಕ್ಸ್‌ಸಿ ಫೈಲ್ ತೆರೆಯಲು ಬೇಕಾದ ಕೀ ಫೈಲ್ ಒಂದು ಯುಎಸ್‌ಬಿಯಲ್ಲಿದೆ, ಸರ್ವರ್‌ಗೆ ಅದನ್ನು ಕಳಿಸುವುದೇ ಇಲ್ಲ. ತಿಂಗಳಿಗೊಮ್ಮೆ ಆ ಕಾಗದ, ಆ ಯುಎಸ್‌ಬಿ ಹಿಡಿದುಕೊಂಡು ಫೈಲ್ ಇಳಿಸಿ ತೆರೆಯುತ್ತೇನೆ, ಕೊನೆಗೆ ಸೇರಿಸಿದ ಖಾತೆ ಕಾಣಿಸುತ್ತದಾ ಅಂತ ಹುಡುಕುತ್ತೇನೆ.